ನಕ್ಷತ್ರಕ್ಕೆ ಯಾವ ಬಾಲ?

ಈ ಬರಹದಲ್ಲಿ ಎರಡು ಚಾದರಗಳು ಬರುತ್ತವೆ. ಒಂದು ಹೂವಿನದು, ಇನ್ನೊಂದು ಚೌಕಳಿಯದು. ಯಾವುದರೊಳಗೆ ಏನಿತ್ತು ಎಂಬುದನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಮ್ಮವರು ಓದಿ "ಇದು ಹೀಗಲ್ಲ ಮಾರಾಯ್ತಿ" ಎಂದು ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕುವುದು ಬೇಡ. ಧಾರವಾಡದಲ್ಲಿ ಎಂ.ಎ. ಮಾಡಿದ್ದೇನೆ, ಕಾಲೇಜಿನ ಕಾಲದಿಂದ ದಿನಚರಿ ಬರೆಯುತ್ತಿದ್ದೇನೆ, ಆದರೂ ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲ. ದಿನಚರಿಯ ಮೇಲಂತೂ ಇನ್ನೂ ಇಲ್ಲ. ಹೋದ ದೀಪಾವಳಿಯ ಮೊದಲ ದಿನ, ಧನತೇರಸ್ ಸಂಜೆ, ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನ ಮುಂದೆ ನನ್ನ ಎದೆ ನಿಂತೇ ಹೋದಂತಾಗಿತ್ತು. ಆ ದಿನದ ಪುಟ ತೆಗೆದು ನೋಡಿದರೆ "ಚಕ್ಕುಲಿ ಮೆತ್ತಗಾಯಿತು" ಎಂದಷ್ಟೇ ಇದೆ.

ಚೀಟಿ ಅಂಟಿಸುವುದನ್ನು ನಾನು ಮೊದಲಿನಿಂದಲೂ ವಿರೋಧಿಸುತ್ತಾ ಬಂದವಳು. ನನ್ನ ಅಡುಗೆಮನೆಯ ಒಂದು ಡಬ್ಬಕ್ಕೂ ಹೆಸರಿಲ್ಲ. ಒಳಗಿರುವುದು ಚೆನ್ನಾಗಿದ್ದರೆ ಮುಚ್ಚಳ ತೆಗೆದವರಿಗೆ ತಾನೇ ಗೊತ್ತಾಗುತ್ತದೆ ಎಂಬುದು ನನ್ನ ಸಿದ್ಧಾಂತ. ಈ ಸಿದ್ಧಾಂತದಿಂದಾಗಿ ನಮ್ಮ ಮನೆಯಲ್ಲಿ ಆಗಾಗ ಇಡ್ಲಿ ರವೆಯ ಉಪ್ಪಿಟ್ಟಾಗುತ್ತದೆ. ಒಮ್ಮೆ ಬಂದ ನೆಂಟರಿಗೆ ಅಡುಗೆಸೋಡಾ ಬೆರೆಸಿದ ಶರಬತ್ತು ಕೊಟ್ಟದ್ದೂ ಉಂಟು. ಅವರು ಪಾಪ, ಡೊಂಬಿವಲಿಯ ನೀರೇ ಹೀಗಿರಬೇಕು ಎಂದುಕೊಂಡು ಕುಡಿದರು.

ಡಬ್ಬದ ಮಾತು ಬಿಡಿ. ನನ್ನ ನಿಜವಾದ ಜಗಳ ಇರುವುದು ಜಯಕರಣ್ಣನ ಜೊತೆ. ಜಯಕರಣ್ಣ ಕಲ್ಯಾಣದಲ್ಲಿರುವ ನಮ್ಮ ಕನ್ನಡ ಸಭೆಯ ಕಾರ್ಯದರ್ಶಿ. ಸಭೆ ಎಂದರೆ ಭಾಷಣದ ಸಭೆಯಲ್ಲ, ಚರ್ಚಿನ ಸಭೆ. ಮರಾಠಿಯವರ ಆರಾಧನೆ ಮುಗಿದು ಅವರು ಚಪ್ಪಲಿ ಹುಡುಕುತ್ತಿರುವಾಗ ನಾವು ಅದೇ ಚರ್ಚಿನೊಳಗೆ ನುಗ್ಗುತ್ತೇವೆ. ಜಯಕರಣ್ಣ ಒಳ್ಳೆಯ ಮನುಷ್ಯ, ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಓಡುವವರು. ಆದರೆ ವಿಶ್ವಾಸಿಗಳು ಏನು ಮಾಡಿದರೂ ಅದರ ಮೇಲೆ ಕ್ರಿಸ್ತನ ಹೆಸರು ಇರಲೇಬೇಕೆಂಬುದು ಅವರ ಹಟ. ಅವರ ಸ್ಕೂಟರಿನ ಮುಂದೆ ಒಂದು ಬೈಬಲ್ ವಾಕ್ಯ, ಹಿಂದೆ ಒಂದು ವಾಕ್ಯ. ಹೆಲ್ಮೆಟ್ಟಿನ ಮೇಲೆ ಶಿಲುಬೆ. ಅವರ ಹೆಂಡತಿ ಮಾರುವ ಚಟ್ನಿಪುಡಿಯ ಪೊಟ್ಟಣದ ಮೇಲೆ ಖಾರ ಎಷ್ಟಿದೆ ಎಂಬುದಿಲ್ಲ, ರಕ್ಷಣೆ ಎಲ್ಲಿದೆ ಎಂಬುದಿದೆ.

ನಾನು ಇಲ್ಲಿನ ಕನ್ನಡ ಸಂಘದ ಮಾಸಿಕದಲ್ಲಿ ಆಗೊಮ್ಮೆ ಈಗೊಮ್ಮೆ ಹಗುರವಾಗಿ ಏನಾದರೂ ಬರೆಯುತ್ತೇನೆ. ಒಮ್ಮೆ ಉಪ್ಪಿನಕಾಯಿಯ ಮೇಲೆ ಬರೆದದ್ದನ್ನು ಜಯಕರಣ್ಣ ಓದಿ, ಆರಾಧನೆ ಮುಗಿದ ಮೇಲೆ ನನ್ನನ್ನು ಕಂಬದ ಪಕ್ಕಕ್ಕೆ ಕರೆದರು. "ಎಲ್ಲ ಚಂದ ಉಂಟು, ನಗು ಬಂತು. ಆದರೆ ಇದರಲ್ಲಿ ಕರ್ತ ಎಲ್ಲಿದ್ದಾನೆ?" ಎಂದು ಕೇಳಿದರು. "ಅಣ್ಣಾ, ಅದು ಮಾವಿನಮಿಡಿಯ ಬಗ್ಗೆ" ಎಂದೆ. "ಮಿಡಿಯನ್ನು ಸೃಷ್ಟಿಸಿದ್ದು ಯಾರು?" ಎಂದರು. "ಸೃಷ್ಟಿಸಿದವನಿಗೆ ಅದು ಗೊತ್ತಲ್ಲ, ನಾನು ಮತ್ತೆ ಹೇಳಬೇಕೇ?" ಎಂದೆ. ಇಂಥ ಚುರುಕಾದ ಉತ್ತರ ಆಗಲೇ ಹೇಳಿದೆನೋ ಅಥವಾ ಮನೆಗೆ ಬಂದು ಪಾತ್ರೆ ತೊಳೆಯುವಾಗ ಹೊಳೆಯಿತೋ, ಖಚಿತವಿಲ್ಲ. ಅವರು ಸುಮ್ಮನಾಗಲಿಲ್ಲ ಎಂಬುದು ಮಾತ್ರ ಖಚಿತ.

ಇತ್ತ ಕನ್ನಡ ಸಂಘದವರು ಇದಕ್ಕೆ ತದ್ವಿರುದ್ಧ. ನಾನು ಕೇಳದೆಯೇ ನನಗೆ ಚೀಟಿ ಅಂಟಿಸಿಬಿಟ್ಟಿದ್ದಾರೆ. ವೇದಿಕೆಯ ಮೇಲೆ ನನ್ನನ್ನು ಪರಿಚಯಿಸುವಾಗ "ನಮ್ಮ ಕ್ರೈಸ್ತ ಲೇಖಕಿ" ಎನ್ನುತ್ತಾರೆ, ಬಹಳ ಪ್ರೀತಿಯಿಂದ. ಆ ಪ್ರೀತಿ ಉಕ್ಕುವುದು ಡಿಸೆಂಬರಿನಲ್ಲಿ ಮಾತ್ರ. ಮಾಸಿಕದ ಸಂಪಾದಕರು ಪ್ರತಿ ವರ್ಷ ಫೋನ್ ಮಾಡಿ, "ಮೇಡಂ, ಕ್ರಿಸ್ಮಸ್ ಬಂತು, ನಿಮ್ಮದೊಂದು ಬರಲಿ" ಎನ್ನುತ್ತಾರೆ. ನನಗೋ ದೀಪಾವಳಿ ವಿಶೇಷಾಂಕದಲ್ಲಿ ಬರೆಯುವ ಆಸೆ. ದಪ್ಪ ಸಂಚಿಕೆ, ಬಣ್ಣದ ಮುಖಪುಟ, ನೆರೆಹೊರೆಯವರೆಲ್ಲ ಕೊಳ್ಳುವುದು ಅದೊಂದನ್ನೇ. ಅಷ್ಟೊಂದು ಜನರ ಮುಂದೆ ನನ್ನ ಹೆಸರು ಮಿನುಗಬೇಕೆಂದು ನನಗೂ ಇರುವುದಿಲ್ಲವೇ? ಉಳಿದ ಹನ್ನೊಂದು ತಿಂಗಳು ನಾನು ಯಾರು ಎಂದು ಕೇಳಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ. "ಆಗಲಿ ಸರ್, ಕಳಿಸುತ್ತೇನೆ" ಎಂದು ಫೋನ್ ಇಡುತ್ತೇನೆ.

ಈಗ ನಮ್ಮ ಮಾವನವರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೋದ ವರ್ಷ ಸಿಕ್ಕಿಹಾಕಿಕೊಂಡವರು ಅವರೇ. ಮಾವ ಉಡುಪಿ ಕಡೆಯವರು. ಠಾಣೆಯ ಒಂದು ಕಾರ್ಖಾನೆಯಲ್ಲಿ ವೈರ್‌ಮನ್ ಆಗಿದ್ದು ನಿವೃತ್ತರಾದವರು. ಬಿದಿರಿನ ಕಡ್ಡಿ ಸೀಳಿ, ಗಾಳಿಪಟದ ಕಾಗದ ಅಂಟಿಸಿ ನಕ್ಷತ್ರ ಕಟ್ಟುವುದು ಅವರ ಹುಚ್ಚು. ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ದೀಪಾವಳಿಗೆ ಸೊಸೈಟಿಯ ಗೇಟಿನ ಮೇಲೆ ತೂಗುವ ದೊಡ್ಡ ಆಕಾಶಬುಟ್ಟಿ, ಇಲ್ಲಿಯವರ ಬಾಯಲ್ಲಿ ಕಂದೀಲು, ಅವರದೇ, ಕ್ರಿಸ್ಮಸ್ಸಿಗೆ ಚರ್ಚಿನ ಮುಂದೆ ತೂಗುವ ನಕ್ಷತ್ರವೂ ಅವರದೇ. ಅವರಿಗೆ ಕಟ್ಟಲು ಬರುವುದು ಐದು ಮೂಲೆಯ ನಕ್ಷತ್ರವೊಂದೇ. ಹಾಗಾಗಿ ಎರಡು ಹಬ್ಬಕ್ಕೂ ಅದೇ ಆಕಾರ, ಅದೇ ಅಳತೆ, ಅದೇ ಮೈದಾ ಅಂಟು. ವ್ಯತ್ಯಾಸವಿರುವುದು ಬಾಲದಲ್ಲಿ. ದೀಪಾವಳಿಗಾದರೆ ಕೆಳಗೆ ಗಾಳಿಗೆ ಪಟಪಟ ಹಾರುವ ಒಂದು ಗೊಂಚಲು ಕಾಗದದ ಬಾಲಗಳು. ಕ್ರಿಸ್ಮಸ್ಸಿಗಾದರೆ ಓರೆಯಾಗಿ ಒಂದೇ ಉದ್ದ ಬಾಲ, ಬೆತ್ಲೆಹೇಮಿನ ಕಡೆ ಹೊರಟ ನಕ್ಷತ್ರದ ಹಾಗೆ. ಬಾಲವನ್ನು ಅಂಟಿಸುವುದು ಕಟ್ಟಕಡೆಗೆ, ತೂಗುಹಾಕುವ ದಿನ. ಅಲ್ಲಿಯವರೆಗೆ ಎರಡೂ ನಕ್ಷತ್ರಗಳು ಯಾವ ಧರ್ಮಕ್ಕೂ ಸೇರದೆ ನಮ್ಮ ಗ್ಯಾಲರಿಯ, ಅಂದರೆ ಬಾಲ್ಕನಿಯ, ಸೂರಿನಿಂದ ನೇತಾಡುತ್ತವೆ. ಧೂಳು ಹಿಡಿಯಬಾರದೆಂದು ಅವಕ್ಕೆ ಹಳೆಯ ಚಾದರ ಸುತ್ತುವುದು ನನ್ನ ಕೆಲಸ.

ಹೋದ ವರ್ಷ ಎರಡು ಕಡೆಯಿಂದಲೂ ಆಪತ್ತು ಬಂತು. ಸೊಸೈಟಿಗೆ ಹೊಸ ಕಮಿಟಿ ಬಂದಿತ್ತು. ಮಿಣಮಿಣ ಓಡುವ ಬಲ್ಬಿನ ಪ್ಲಾಸ್ಟಿಕ್ ಕಂದೀಲು ರೆಡಿಮೇಡ್ ಸಿಗುವಾಗ ಈ ಕಾಗದದ್ದೇಕೆ ಎಂದು ಅವರು ಕೇಳಿದರು. ನಮ್ಮ ಹಳೆಯ ಸೆಕ್ರೆಟರಿ ಸಾವಂತ ಕಾಕಾ ಹಟ ಹಿಡಿದು, "ಈ ವರ್ಷ ಒಂದು ಅಜೋಬಾರದ್ದೇ ಇರಲಿ, ಮುಂದಿನದು ಆಮೇಲೆ ನೋಡೋಣ" ಎಂದು ಒಪ್ಪಿಸಿದರು. ಅಜೋಬಾ ಎಂದರೆ ಅಜ್ಜ, ಸೊಸೈಟಿಯವರಿಗೆಲ್ಲ ನಮ್ಮ ಮಾವ ಅಜೋಬಾ. ಅತ್ತ ಜಯಕರಣ್ಣ ಮನೆಗೇ ಬಂದು, ಚಹಾ ಕುಡಿದು, ಚಕ್ಕುಲಿ ಮುರಿಯುತ್ತಾ ಹೇಳಿದರು: "ಮಾವನವರೇ, ನಿಮ್ಮ ಕೈಯ ವರ ಕರ್ತನು ಕೊಟ್ಟದ್ದು. ಅದನ್ನು ನೀವು ಬರೀ ಬಣ್ಣದ ಕಾಗದ ಮಾಡಿ ನೇತುಹಾಕಿದರೆ ಹೇಗೆ? ನೋಡಿದವರಿಗೆ ಇದು ಯಾರ ನಕ್ಷತ್ರ ಎಂದು ತಿಳಿಯುವುದು ಬೇಡವೇ? ಈ ಸಲ ಹೆಸರು ಬರೆಯಲೇಬೇಕು. ಇಲ್ಲದಿದ್ದರೆ ನಮ್ಮ ಸಭೆಯ ಕಮಿಟಿಯವರು ಅಂಗಡಿಯ ನಕ್ಷತ್ರವನ್ನೇ ತರೋಣ ಅಂತಿದ್ದಾರೆ, ಅದರ ಮೇಲೆ ಅಚ್ಚು ಹಾಕಿಯೇ ಬರ್ತದೆ."

 ಮಾವನ ಮುಖ ಬಲ್ಬ್ ತೆಗೆದ ಕಂದೀಲಿನ ಹಾಗಾಯಿತು. ಅವರಿಗೆ ಬೇಕಿದ್ದದ್ದು ಹೆಚ್ಚೇನಲ್ಲ. ಗೇಟಿನ ಮೇಲೂ ಚರ್ಚಿನ ಮುಂದೂ ತನ್ನ ಕೈಯದೇ ತೂಗಬೇಕು, ಜನ ತಲೆಯೆತ್ತಿ ನೋಡಬೇಕು, ಅಷ್ಟೇ. ಒಂದು ಕಡೆ ಚೀಟಿ ಅಂಟಿಸಿದರೆ ಮಾತ್ರ ಜಾಗ, ಇನ್ನೊಂದು ಕಡೆ ಜಾಗವೇ ಅಲ್ಲಾಡುತ್ತಿದೆ. ನನಗೆ ಸಿಟ್ಟು ಬಂದು ದೊಡ್ಡದೊಂದು ಉಪನ್ಯಾಸವನ್ನೇ ಕೊಟ್ಟೆ. ಮರಗೆಲಸದವನು ಒಳ್ಳೆಯ ಕುರ್ಚಿ ಮಾಡಿದರೆ ಸಾಕು, ಕುರ್ಚಿಯ ಬೆನ್ನಿಗೆ ಪ್ರಾರ್ಥನೆ ಕೆತ್ತಿದರೆ ಕೂತವರ ಬೆನ್ನಿಗೆ ಚುಚ್ಚುತ್ತದೆ ಎಂದೆಲ್ಲ ಹೇಳಿದೆ. ಕಲೆ, ಸೃಷ್ಟಿ, ಸ್ವಾತಂತ್ರ್ಯ, ಎಂ.ಎ.ಯಲ್ಲಿ ಓದಿದ್ದೆಲ್ಲ ಬಂತು. ಜಯಕರಣ್ಣ ಶಾಂತವಾಗಿ ಕೇಳಿ, "ಮೂಲೆ ಎಷ್ಟು?" ಎಂದರು. "ಐದು" ಎಂದರು ಮಾವ. ಜಯಕರಣ್ಣ ಬೆರಳು ಮಡಚುತ್ತಾ, "ಕ್ರಿ, ಸ್ತ, ಜ, ಯಂ, ತಿ. ಐದು ಮೂಲೆ, ಐದು ಅಕ್ಷರ! ಇದು ಮೇಲಿಂದಲೇ ಬಂದ ಅಳತೆ. ಈಗ ಏನು ಹೇಳ್ತೀರಿ, ಪ್ರೊಫೆಸರಮ್ಮಾ?" ಎಂದರು. ನಾನು ಪ್ರೊಫೆಸರ್ ಅಲ್ಲ. ಆದರೆ ಆ ಹೊತ್ತಿನಲ್ಲಿ ನನಗೂ ಮೈ ಜುಮ್ಮೆಂದದ್ದು ನಿಜ.

ಮಾವ ನಿಧಾನಕ್ಕೆ, "ಹೊರಗೆ ಬರೆದರೆ ಚಂದ ಹಾಳಾಗ್ತದೆ. ಒಳಗಿನ ಕಾಗದದಲ್ಲಿ ಅಕ್ಷರ ಕತ್ತರಿಸಿ ಇಡ್ತೇನೆ. ದೀಪ ಹಾಕಿದರೆ ಕಾಣ್ತದೆ, ಇಲ್ಲದಿದ್ದರೆ ಇಲ್ಲ" ಎಂದರು. ಜಯಕರಣ್ಣ ತೃಪ್ತರಾಗಿ ಇನ್ನೊಂದು ಚಕ್ಕುಲಿ ತೆಗೆದುಕೊಂಡರು. ನಾನೂ ಅರ್ಧ ಗೆದ್ದೆ ಎಂದುಕೊಂಡೆ. ಮಾವ ಗ್ಯಾಲರಿಯ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತರು. ಮುಗಿದ ಮೇಲೆ ನಾನು ಚಾದರ ಸುತ್ತಿದೆ: ಚರ್ಚಿನ ನಕ್ಷತ್ರಕ್ಕೆ ಹೂವಿನದು, ಸೊಸೈಟಿಯದಕ್ಕೆ ಚೌಕಳಿಯದು. ಅಥವಾ ಅದಲುಬದಲಾಗಿ. ಡಬ್ಬಕ್ಕೇ ಚೀಟಿ ಹಚ್ಚದವಳು ಚಾದರಕ್ಕೆ ಹಚ್ಚುತ್ತೇನೆಯೇ?

ಧನತೇರಸ್ ಸಂಜೆ ನಾನು ಚಕ್ಕುಲಿ ಒತ್ತುತ್ತಿದ್ದಾಗ ಮಗಳು ರಿಯಾ ಕೆಳಗಿನ ಹುಡುಗಿಯರ ಜೊತೆ ಬಂದು, "ಮಮ್ಮಿ, ಕೌನ್‌ಸಾ ಲೇ ಜಾನಾ ಹೈ?" ಎಂದು ಕೂಗಿದಳು, ಯಾವುದನ್ನು ಒಯ್ಯಬೇಕು ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಹೊರಗೆ ಬರುವುದು ಮಾತ್ರ ಹಿಂದಿ. ಬೇಕಾದದ್ದು ಸೊಸೈಟಿಯದು. "ಚೌಕಳಿ ಚಾದರದ್ದು" ಎಂದೆ ಎಂದು ನನ್ನ ನೆನಪು. "ಫೂಲ್‌ವಾಲಾ" ಎಂದೆ, ಅಂದರೆ ಹೂವಿನದು, ಎಂದು ಅವಳ ವಾದ. ಅವರು ಬಾಲದ ಗೊಂಚಲು ಅಂಟಿಸಿ, ನಕ್ಷತ್ರವನ್ನು ಹೊತ್ತು, ಗಲಾಟೆ ಮಾಡುತ್ತಾ ಇಳಿದು ಹೋದರು. ಸ್ವಲ್ಪ ಹೊತ್ತಿನ ಮೇಲೆ ಗ್ಯಾಲರಿಗೆ ಬಂದು ನೋಡುತ್ತೇನೆ, ಉಳಿದ ನಕ್ಷತ್ರಕ್ಕೆ ಸುತ್ತಿದ್ದ ಚಾದರ ನಾನು ಅಂದುಕೊಂಡದ್ದಲ್ಲ. ಕೆಳಗೆ ಇಡೀ ಸೊಸೈಟಿ ಸೇರಿದೆ. ಹೊಸ ಕಮಿಟಿಯವರು ಕೈಕಟ್ಟಿ ನಿಂತಿದ್ದಾರೆ. ನಕ್ಷತ್ರ ಮೇಲೇರಿದೆ. ಸಾವಂತ ಕಾಕಾರ ಬೆರಳು ಸ್ವಿಚ್ಚಿನ ಮೇಲಿದೆ. ಇನ್ನೊಂದು ಕ್ಷಣಕ್ಕೆ ದೀಪಾವಳಿಯ ಕಂದೀಲಿನ ಐದೂ ಮೂಲೆಗಳಲ್ಲಿ ಕ್ರಿಸ್ತ ಜಯಂತಿ ಬೆಳಗಲಿದೆ! ನಾಳೆ ಬೆಳಿಗ್ಗೆ ಪ್ಲಾಸ್ಟಿಕ್ ಕಂದೀಲು ಬರುತ್ತದೆ, ಮಾವನ ಬಿದಿರಿನ ಕಡ್ಡಿ ಒಲೆಗೆ ಹೋಗುತ್ತದೆ, ಎಲ್ಲ ನನ್ನ ಚಾದರದಿಂದ.

ಹಿಟ್ಟಿನ ಕೈಯಲ್ಲೇ ಓಡಿದೆ. ಲಿಫ್ಟ್ ಹಬ್ಬದ ದಿನ ಯಾವಾಗಲೂ ಮೇಲೇ ಇರುತ್ತದೆ, ನಾವು ಇಳಿಯಬೇಕಾದಾಗ ಇನ್ನೂ ಮೇಲೆ. ಮೆಟ್ಟಿಲಿನಲ್ಲಿ ರಂಗೋಲಿ ಹಾಕುತ್ತಿದ್ದ ಒಬ್ಬರ ನವಿಲಿನ ಕತ್ತು ತುಳಿದೆ. "ಥಾಂಬಾ, ಥಾಂಬಾ, ನಿಲ್ಲಿಸಿ!" ಎಂದು ಎರಡು ಭಾಷೆಯಲ್ಲಿ ಕೂಗುತ್ತಾ ಗೇಟಿಗೆ ಬರುವುದಕ್ಕೂ ಸಾವಂತ ಕಾಕಾ "ಏಕ್, ದೋನ್, ತೀನ್" ಎಂದು ಸ್ವಿಚ್ ಒತ್ತುವುದಕ್ಕೂ ಸರಿಹೋಯಿತು. ಮಕ್ಕಳು ಹೋ ಎಂದರು. ಕಿತ್ತಳೆ ಬಣ್ಣದ ನಕ್ಷತ್ರದೊಳಗಿಂದ ಹಳದಿ ಅಕ್ಷರಗಳು ಒಂದೊಂದು ಮೂಲೆಯಲ್ಲಿ ಎದ್ದು ಬಂದವು. ನಾನು ಕಣ್ಣು ಮುಚ್ಚಿಕೊಂಡೆ.

"ಅಜೋಬಾ, ಹೇ ಕಾಯ್ ಲಿಹಿಲಯ್? ಕಾನಡೀ ಕಾ?" ಎಂದು ಹೊಸ ಕಮಿಟಿಯ ಯುವಕನೊಬ್ಬ ಕೇಳಿದ. ಏನು ಬರೆದಿದೆ, ಕನ್ನಡವೇ ಎಂದು. ಮಾವ ಕೆಮ್ಮಿದರು. ನಮ್ಮ ಬಿಲ್ಡಿಂಗಿನಲ್ಲಿ ನಮ್ಮನ್ನು ಬಿಟ್ಟರೆ ಕನ್ನಡ ಓದಬಲ್ಲವರು ಕೆಳಗಿನ ಹೋಟೆಲಿನ ಶೆಟ್ರು ಒಬ್ಬರೇ. ಅವರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ, ನಕ್ಷತ್ರದ ಸುತ್ತ ತಲೆ ತಿರುಗಿಸುತ್ತಾ ದೊಡ್ಡದಾಗಿ ಓದಿದರು: "ಬೆ... ಳ... ಕು... ಬಂ... ತು. ಬೆಳಕು ಬಂತು! ಹೋಯ್, ಭಾರೀ ಲಾಯ್ಕ ಉಂಟು ಮಾರಾಯ್ರೆ! ಯಾವ ದಾಸರ ಪದ ಇದು?"

ನಾನು ಕಣ್ಣು ಬಿಟ್ಟೆ. ನಿಜಕ್ಕೂ ಅಷ್ಟೇ ಇತ್ತು. ನಗು ಎಲ್ಲಿಂದ ಬಂತೋ ಗೊತ್ತಿಲ್ಲ, ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕೆ. ಮುಖದ ತುಂಬ ಚಕ್ಕುಲಿ ಹಿಟ್ಟಾಯಿತು. ಪೂಜೆಯ ಖುಷಿ ಎಂದುಕೊಂಡು ಸಾವಂತ ಕಾಕಾರ ಹೆಂಡತಿ ನನಗೆ ಕುಂಕುಮ ಹಚ್ಚಲು ಬಂದವರು ಹಿಟ್ಟು ನೋಡಿ ಹಿಂದೆ ಸರಿದರು. ಶೆಟ್ರು ಮರಾಠಿಯಲ್ಲಿ ಅರ್ಥ ಹೇಳಿದರು: "ಉಜೇಡ ಆಲಾ." ಹೊಸ ಕಮಿಟಿಯ ಯುವಕ ಸೆಲ್ಫಿ ತೆಗೆದುಕೊಂಡು, "ಅಜೋಬಾ, ಮುಂದಿನ ವರ್ಷ ಮರಾಠಿಯಲ್ಲಿ ಬರೆಯಿರಿ" ಎಂದ. ಮುಂದಿನ ವರ್ಷ! ಮಾವ ಅಲ್ಲಿಯೇ ಬೆರಳು ಮಡಚಿದರು. ಉ, ಜೇ, ಡ, ಆ, ಲಾ. "ಅದೂ ಐದೇ ಆಗ್ತದೆ!" ಎಂದು ನನ್ನ ಕಡೆ ನೋಡಿ ಕಣ್ಣರಳಿಸಿದರು. ಪ್ಲಾಸ್ಟಿಕ್ಕಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಅಲ್ಲಿಗೆ ಒಂದು ಗಂಡಾಂತರ ಕಳೆಯಿತು. ಆದರೆ ಲೆಕ್ಕ ಹಾಕಿ ನೋಡಿ. ಅಕ್ಷರ ಕತ್ತರಿಸಿದ್ದು ಚರ್ಚಿನ ನಕ್ಷತ್ರಕ್ಕೆ. ಮಾವ ಜಯಕರಣ್ಣನ ಮಾತು ಬಿಟ್ಟು ತಮಗೆ ತೋಚಿದ್ದು ಕತ್ತರಿಸಿದ್ದಾರೆ, ಸರಿ. ಅದು ಈಗ ಸೊಸೈಟಿಯ ಗೇಟಿನಲ್ಲಿದೆ, ಮಂಜಿಗೂ ಪಟಾಕಿಯ ಹೊಗೆಗೂ ಮೆತ್ತಗಾಗುತ್ತಿದೆ. ಹಾಗಾದರೆ ಗ್ಯಾಲರಿಯಲ್ಲಿ ಉಳಿದಿರುವುದು ಬೋಳು ನಕ್ಷತ್ರ! ಜಯಕರಣ್ಣನ ಕಣ್ಣ ಮುಂದೆ ಅದನ್ನು ಹಚ್ಚಿದರೆ ಒಂದೇ ಒಂದು ಅಕ್ಷರವೂ ಕಾಣುವುದಿಲ್ಲ. "ಮಾವ, ಇನ್ನೊಂದರ ಒಳಗೆ ಏನಾದರೂ ಇದೆಯೇ?" ಎಂದು ಕೇಳಿದೆ. "ಬಿದಿರು ಉಂಟು" ಎಂದರು. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಮೊಬೈಲಿನ ಟಾರ್ಚ್ ಹಿಡಿದು ಚಾದರ ಸರಿಸಲು ಹೋದೆ. ಒಳಗಿನಿಂದ ಕೆಮ್ಮು ಕೇಳಿಸಿತು. ಬಿಟ್ಟುಬಿಟ್ಟೆ. ಗೊತ್ತಾಗದಿದ್ದರೆ ನಿದ್ದೆಯಾದರೂ ಬರುತ್ತದೆ.

ಕ್ರಿಸ್ತನ ಆಗಮನಕ್ಕೆ ಸಿದ್ಧವಾಗುವ ಮೊದಲ ಭಾನುವಾರ ನಕ್ಷತ್ರ ಏರಬೇಕು. ಅದನ್ನು ಕಲ್ಯಾಣಕ್ಕೆ ಒಯ್ಯುವುದೇ ಒಂದು ಮೆರವಣಿಗೆ. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಬಿಡುವುದಿಲ್ಲ, ಹಾಗಾಗಿ ಸಾಮಾನಿನ ಡಬ್ಬಿಗೆ ಹತ್ತಿದೆವು. ಮಾವ ನಕ್ಷತ್ರ ಹಿಡಿದು, ನಾನು ಅದರ ಉದ್ದ ಬಾಲವನ್ನು ಮದುವಣಗಿತ್ತಿಯ ಸೆರಗಿನ ಹಾಗೆ ಹಿಡಿದು ನಿಂತೆವು. ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಮಾವಶಿ ಕೆಳಗಿಂದ ಮೇಲೆ ನೋಡಿ, "ದಿವಾಳಿ ಹೋಗಿ ಎಷ್ಟು ದಿನವಾಯಿತು ಬಾಬಾ, ಈಗ ಹೊರಟಿರಾ?" ಎಂದು ಮರಾಠಿಯಲ್ಲಿ ಕೇಳಿದಳು. ಅವಳ ಗೆಳತಿ, "ಬಾಲ ನೋಡೇ! ಇದು ಯೇಶೂಂದು" ಎಂದು ತಿದ್ದಿದಳು. ನಾನು ಜೀವಮಾನವಿಡೀ ವಾದಿಸಿದ್ದನ್ನು ಅವಳು ಬಾಲ ನೋಡಿಯೇ ಮುಗಿಸಿಬಿಟ್ಟಳು. ಆಮೇಲೆ ಬಾಲಕ್ಕೆ ಬೊಂಬಿಲು ಮೀನಿನ ವಾಸನೆ ಅಂಟಿದ್ದು ಬೇರೆ ವಿಷಯ.

ಚರ್ಚಿನ ಮುಂದೆ ಸಂಜೆ ಎಲ್ಲರೂ ಸೇರಿದರು. ಪಾದ್ರಿ ಅಯ್ಯನವರು ಪ್ರಾರ್ಥನೆ ಮಾಡಿದರು. ಜಯಕರಣ್ಣ ಎಲ್ಲರಿಗೂ ಮೊದಲೇ ಹೇಳಿಬಿಟ್ಟಿದ್ದರು: "ಈ ಸಲ ಒಂದು ವಿಶೇಷ ಉಂಟು, ನೋಡಿ." ನಾನು ಕಣ್ಣು ಮುಚ್ಚಿದೆ, ಪ್ರಾರ್ಥನೆ ಮುಗಿದ ಮೇಲೂ ಬಿಡಲಿಲ್ಲ. ಸ್ವಿಚ್ಚಿನ ಸದ್ದು ಕೇಳಿತು. ಆಮೇಲೆ ಜಯಕರಣ್ಣನ ಧ್ವನಿ: "ಬೆಳಕು ಬಂತು?"

ಹೌದು, ಅದೇ ಐದು ಅಕ್ಷರ! ಎರಡರಲ್ಲೂ ಅದೇ! ಜಯಕರಣ್ಣ ನಕ್ಷತ್ರವನ್ನು ನೋಡಿದರು, ಮಾವನನ್ನು ನೋಡಿದರು, ಮತ್ತೆ ನಕ್ಷತ್ರವನ್ನು ನೋಡಿದರು. "ಹೆಸರು ಎಲ್ಲಿ, ಮಾವನವರೇ? ಇದನ್ನು ಯಾರು ಬೇಕಾದರೂ ತಮ್ಮದು ಅನ್ನಬಹುದಲ್ಲ?" ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಸಂಕಟವಿತ್ತು. ನನಗೆ ಮೊದಲ ಸಲ ಅವರ ಭಯ ಅರ್ಥವಾಯಿತು. ಇಷ್ಟು ದೊಡ್ಡ ಊರಿನಲ್ಲಿ, ಬಾಡಿಗೆ ಹೊತ್ತಿನಲ್ಲಿ, ಇನ್ನೊಬ್ಬರ ಚರ್ಚಿನಲ್ಲಿ ಕೂಡುವ ನಾವು ನಾಲ್ಕು ಮನೆಯವರು. ಹೆಸರು ಬರೆದಿಡದಿದ್ದರೆ ನಾವು ಇದ್ದೆವು ಎಂದು ಯಾರಿಗೆ ಗೊತ್ತಾಗುತ್ತದೆ? ನನ್ನ ಕುರ್ಚಿಯ ಉಪನ್ಯಾಸ ಆಗ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಸಭೆಯ ಹಿರಿಯರಾದ ಸುಗುಣಜ್ಜಿ ಕೋಲೂರಿ ನಿಂತಲ್ಲಿಂದಲೇ, "ಜಯಕರಾ, ಚರ್ಚಿನ ಮೇಲೆಯೇ ನೇತಾಡ್ತಾ ಉಂಟಲ್ಲ, ಇನ್ನು ಹೆಸರು ಬೇರೆ ಬೇಕಾ? ಚಹಾ ಆರ್ತದೆ ಬಾ" ಎಂದರು. ಎಲ್ಲರೂ ನಕ್ಕರು, ಕೊನೆಗೆ ಜಯಕರಣ್ಣನೂ ನಕ್ಕರು. ಚಹಾದ ಹೊತ್ತಿಗೆ ಅವರು ಹೊಸ ಷರತ್ತು ತಂದರು: ಮುಂದಿನ ವರ್ಷವೂ ಮಾವನದೇ ನಕ್ಷತ್ರ, ಆದರೆ ಬಾಲದ ಮೇಲಾದರೂ ಒಂದು ವಾಕ್ಯ ಇರಬೇಕು. ಮಾವ ತಲೆಯಾಡಿಸಿದರು. ಹೌದು ಎಂದೋ ಅಲ್ಲ ಎಂದೋ ತಿಳಿಯದ ಹಾಗೆ ತಲೆಯಾಡಿಸುವುದರಲ್ಲಿ ಅವರು ನಿಸ್ಸೀಮರು.

ವಾಪಸು ಬರುವಾಗ ರೈಲಿನಲ್ಲಿ, ಕ್ರಿಸ್ತ ಜಯಂತಿ ಏಕೆ ಕತ್ತರಿಸಲಿಲ್ಲ ಎಂದು ಮಾವನನ್ನು ಕೇಳಿದೆ. "ಒತ್ತಕ್ಷರ ಕತ್ತರಿಸಿದರೆ ನಡುವಿನ ತುಂಡು ಉದುರ್ತದೆ. ಎರಡು ಸಲ ಹರಿಯಿತು. 'ಕ್ರಿ'ಯಲ್ಲೇ ಅರ್ಧ ದಿನ ಹೋಯಿತು" ಎಂದರು. ಹಾಗಾದರೆ ಎರಡರಲ್ಲೂ ಏಕೆ? "ಕಾಗದ ಮಡಚಿ ಇಟ್ಟಿದ್ದೆ. ಬ್ಲೇಡು ಎರಡು ಪದರಕ್ಕೂ ಇಳಿಯಿತು. ದಂಡ ಯಾಕೆ ಮಾಡುವುದು?" ಇಷ್ಟೇ! ಇದನ್ನು ನಂಬಬೇಕೋ ಬೇಡವೋ ನನಗೆ ಇನ್ನೂ ತಿಳಿದಿಲ್ಲ. ನಾನು ಹೊಸ ಸೊಸೆಯಾಗಿದ್ದಾಗ ಗಂಟೆಗಟ್ಟಲೆ ಕರೆಂಟ್ ಹೋಗಿ ಬಂದಾಗಲೆಲ್ಲ ಮಾವ ಗ್ಯಾಲರಿಯಿಂದ "ಬೆಳಕು ಬಂತು" ಎಂದು ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕೂಗುತ್ತಿದ್ದರು ಎಂದು ನನಗೆ ನೆನಪು. ನಮ್ಮವರು ಪೆನ್ಸಿಲ್ ಎತ್ತಿಕೊಂಡು, "ಅಪ್ಪ ಕೂಗುತ್ತಿದ್ದುದು ಮರಾಠಿಯಲ್ಲಿ" ಎನ್ನುತ್ತಾರೆ.

ಈಗ ಮತ್ತೆ ಬಿದಿರು ಬಂದಿದೆ. ಮಾವ ಗ್ಯಾಲರಿಯಲ್ಲಿ ಕೂತು ಕಡ್ಡಿ ಸೀಳುತ್ತಿದ್ದಾರೆ. ನಾನು ಇದನ್ನೆಲ್ಲ ಬರೆದು ಮುಗಿಸಿ ಅವರಿಗೆ ಓದಿ ಹೇಳಿದೆ. "ನನ್ನ ಕೆಮ್ಮು ಸ್ವಲ್ಪ ಜಾಸ್ತಿಯಾಯಿತು" ಎಂದರು, ಬೇರೆ ತಕರಾರಿಲ್ಲ. ತಕರಾರು ನನ್ನದೇ. ಸಂಪಾದಕರು ಈ ಸಲ ಡಿಸೆಂಬರಿಗೆ ಕಾಯದೆ ಈಗಲೇ ಫೋನ್ ಮಾಡಿ, ದೀಪಾವಳಿ ವಿಶೇಷಾಂಕಕ್ಕೂ ಜಾಗವಿದೆ ಎಂದಿದ್ದಾರೆ. "ಆದರೆ ಮೇಡಂ, ಡಿಸೆಂಬರಿಗೆ ನಿಮ್ಮನ್ನು ಬಿಟ್ಟರೆ ನಮಗೆ ಯಾರೂ ಇಲ್ಲ, ಬರಹ ಒಂದೇ ಇದ್ದರೆ ಎಲ್ಲಿಗೆಂದು ನೀವೇ ಹೇಳಿ" ಎಂದು ಸೇರಿಸಿದ್ದಾರೆ. ವರ್ಷಗಟ್ಟಲೆ ಕಾದ ಜಾಗ ಸಿಕ್ಕಿದೆ. ಸಿಕ್ಕಿದ ಕೂಡಲೇ ಡಿಸೆಂಬರಿನ ನನ್ನ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂತುಬಿಟ್ಟರೆ ಎಂದು ಹೊಟ್ಟೆ ಉರಿಯಲು ಶುರುವಾಗಿದೆ. ಚೀಟಿಯನ್ನು ವಿರೋಧಿಸುವುದು ಸುಲಭ, ಕಿತ್ತುಕೊಡಿ ಎಂದರೆ ಕೈ ಬರುತ್ತಿಲ್ಲ. ಕೊನೆಗೆ ಮಾವನ ಪಕ್ಕದಲ್ಲಿ ಕೂತು, ಹಾಳೆಗಳನ್ನು ಅವರ ಬಿದಿರಿನ ಪಕ್ಕದಲ್ಲಿಟ್ಟು ಕೇಳಿದೆ. ಅವರು ಅಂಟಿನ ಬಟ್ಟಲಿಗೆ ಬೆರಳದ್ದಿ, ಎರಡು ಕಡ್ಡಿಗಳನ್ನು ಜೋಡಿಸಿ, ಗಟ್ಟಿಯಾಗುವವರೆಗೆ ಹಿಡಿದುಕೊಂಡು ಕೂತಿದ್ದಾರೆ. ಅಂಟು ಯಾವಾಗಲೋ ಒಣಗಿದೆ, ಕೈ ಮಾತ್ರ ಬಿಟ್ಟಿಲ್ಲ. ನಾನು ಕೇಳಿದ್ದು ಇಷ್ಟೇ:

"ಮಾವ, ಇದಕ್ಕೆ ಯಾವ ಬಾಲ ಅಂಟಿಸಲಿ?"